ಸವತಿಯ ಹೊಸ ಇಂಜಿನ್

“ಭಾವ, ಸ್ವಲ್ಪ ಉಸಿರು ಬಿಡಿ. ಇಳೀತಿರೋದು ಇಂಜಿನ್ನು, ನಿಮ್ಮ ಪ್ರಾಣ ಅಲ್ಲ.”

ಭಾಮೈದ ಹೀಗಂದ ಮೇಲೆಯೇ ಭಾವನಿಗೆ, ಅಂದರೆ ಗಡಿಯಾರದವರಿಗೆ, ತಾವು ಉಸಿರು ಬಿಗಿಹಿಡಿದು ನಿಂತಿರುವುದು ಗೊತ್ತಾದದ್ದು. ಶೆಡ್ಡಿನ ತೊಲೆಗೆ ಕಟ್ಟಿದ ಚೈನ್ ಬ್ಲಾಕಿನಲ್ಲಿ ಇಂಜಿನ್ನು, ಬೆನ್ನಿಗೆ ಅಂಟಿದ ಗೇರ್‌ಬಾಕ್ಸಿನ ಸಮೇತ, ತೂಗಾಡುತ್ತಿತ್ತು. ಕೆಳಗೆ ಅವರ ಹಸಿರು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿರುವ ಹಳೆಯ ಸ್ಪೋರ್ಟ್ಸ್ ಕಾರು ಬಾನೆಟ್ಟು ಕಳಚಿಕೊಂಡು, ಹಲ್ಲು ಕೀಳಿಸಲು ಕೂತವರ ಹಾಗೆ ಬಾಯಿ ತೆರೆದುಕೊಂಡಿತ್ತು.

“ಎಡಕ್ಕೆ, ಎಡಕ್ಕೆ! ಕಾರ್ಬುರೇಟರ್ ತಾಗುತ್ತೆ ಕಣಯ್ಯ!”

“ತಾಗಲ್ಲ ಭಾವ. ಒಂದು ಬೆರಳು ಜಾಗ ಇದೆ.”

“ಯಾರ ಬೆರಳು? ನಿಂದಾ, ನಂದಾ?”

ಪ್ರಶ್ನೆಯಲ್ಲಿ ಅರ್ಥವಿತ್ತು. ಭಾಮೈದ ಲೇತ್ ಅಂಗಡಿಯವನು, ಅವನ ಒಂದೊಂದು ಬೆರಳೂ ಬಾಳೆಹಣ್ಣಿನಷ್ಟು ದಪ್ಪ. ಭಾವನವರು ಕೈಗಡಿಯಾರ ರಿಪೇರಿ ಮಾಡುವವರು, ಅವರ ಬೆರಳಿಗೆ ಉಂಗುರ ಕೂಡ ನಿಲ್ಲುವುದಿಲ್ಲ. ಆದರೂ ಇಬ್ಬರೂ ಸೇರಿ ತಿಂಗಳುಗಟ್ಟಲೆ ಕೂತು ಆ ಇಂಜಿನ್ನಿಗೆ ಮರುಜನ್ಮ ಕೊಟ್ಟಿದ್ದರು. ಭಾಮೈದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿದ್ದ, ಫ್ಲೈವೀಲನ್ನು ಸವೆಸಿ ಹಗುರ ಮಾಡಿದ್ದ. ಭಾವನವರು ದೊಡ್ಡ ಪಿಸ್ಟನ್ನುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ, ಹೆಚ್ಚಿದ್ದ ಕಡೆ ಅರದಿಂದ ಉಜ್ಜಿ, ನಾಲ್ಕಕ್ಕೂ ಒಂದೇ ತೂಕ ಬರುವ ತನಕ ಊಟದ ಕರೆಗೂ ಓಗೊಟ್ಟಿರಲಿಲ್ಲ. ಒಂದು ಕಾರ್ಬುರೇಟರಿದ್ದ ಜಾಗದಲ್ಲಿ ಈಗ ಎರಡು. ಮೊದಲಿದ್ದದ್ದು ದಮ್ಮು ಹಿಡಿದ ಇಂಜಿನ್ನು, ಈಗಿನದು ಪೈಲ್ವಾನ.

ಪೈಲ್ವಾನ ಮೆಲ್ಲಗೆ ಇಳಿದು, ಒಮ್ಮೆ ಮೈ ಒದರಿ, ತನ್ನ ರಬ್ಬರಿನ ಪೀಠಗಳ ಮೇಲೆ ಕೂತ. ಭಾಮೈದ ಸರಪಳಿ ಸಡಿಲಿಸಿದ. ಕಾರಿನ ಮೂಗು ಚೂರೇ ಚೂರು ತಗ್ಗಿತು.

“ಕೂತ್ಕೊಂಡ್ತಾ ನನ್ನ ಸವತಿ?” ಅಡುಗೆಮನೆಯ ಕಿಟಕಿಯಿಂದ ದನಿ ಬಂತು.

ಗಡಿಯಾರದವರ ಹೆಂಡತಿ ಬಸ್ ಡ್ರೈವರು. ಡಿಪೋದಲ್ಲಿ ಎಲ್ಲರೂ ಆಕೆಯನ್ನು ಬಸ್ಸಕ್ಕ ಎನ್ನುತ್ತಿದ್ದರು, ಬರುಬರುತ್ತಾ ಬೀದಿಯವರೂ ಹಾಗೇ ಅನ್ನತೊಡಗಿದ್ದರು. ಕಾರನ್ನು ಸವತಿ ಎಂದು ಕರೆದದ್ದು ಆಕೆಯೇ. ಅದಕ್ಕೆ ಕಾರಣವೂ ಇತ್ತು. ಮದುವೆಯಾದ ದಿನ ಗಡಿಯಾರದವರು ಹೊಸ ಹೆಂಡತಿಯನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಹೊರಟಿದ್ದರು. ಗುಡ್ಡದ ರಸ್ತೆಯ ಅರ್ಧದಲ್ಲಿ ಅದು ಕೆಮ್ಮಿ, ಸೀನಿ, ನಿಂತುಬಿಟ್ಟಿತು. ಮದುಮಗಳು ಹೊಸ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡು ಊರು ಮುಟ್ಟುವವರೆಗೂ ಕಾರು ತಳ್ಳಿದಳು. ಮನೆ ಹೊಸ್ತಿಲಲ್ಲಿ ನಿಂತು ಆಡಿದ ಮಾತು ಗಡಿಯಾರದವರ ಕಿವಿಯಲ್ಲಿ ಇನ್ನೂ ಹಾಗೇ ಇತ್ತು: “ನೀವು ಓಡ್ಸೋದು, ನಾನು ತಳ್ಳೋದು. ಈ ಥರದ ಸಂಸಾರ ಒಂದು ದಿನಕ್ಕೆ ಸಾಕು.” ಅಂದಿನಿಂದ ಆಕೆ ಆ ಕಾರಿನಲ್ಲಿ ಕೂತದ್ದಿಲ್ಲ. ಹಟಕ್ಕೆ ಬಿದ್ದವಳಂತೆ ಬಸ್ ಓಡಿಸುವುದನ್ನೇ ಕಲಿತು, ಅದರಲ್ಲೇ ತಲೆಗೂದಲು ನರೆಸಿಕೊಂಡಳು.

ನಾಳೆ ಬಸ್ಸಕ್ಕನ ಕೊನೆಯ ಪಾಳಿ. ಡಿಪೋದಿಂದ ಆಕೆಯನ್ನು ಇದೇ ಕಾರಿನಲ್ಲಿ ಮನೆಗೆ ಕರೆತರಬೇಕೆಂಬುದು ಗಡಿಯಾರದವರ ಆಸೆ. ಇಷ್ಟು ದಿನದ ಅರ, ಎಣ್ಣೆ, ತಕ್ಕಡಿಯೆಲ್ಲ ಅದಕ್ಕಾಗಿಯೇ.

“ನಾಳೆ ಬರ್ತೀನಿ ಕಣೇ ಡಿಪೋಗೆ,” ಎಂದರು ಕೈ ಒರೆಸಿಕೊಳ್ಳುತ್ತಾ.

“ಬನ್ನಿ, ಬನ್ನಿ. ಯಾರ ಕೈಲೂ ತಳ್ಳಿಸ್ಕೊಳ್ದೆ ನನ್ನ ಕಣ್ಣೆದುರು ಡಿಪೋ ಗೇಟಿಂದ ಆಚೆ ಹೋಗೋ ಹಾಗಿದ್ರೆ ಕೂರ್ತೀನಿ. ಇಲ್ದಿದ್ರೆ ನನ್ನ ಬಸ್ಸಲ್ಲೇ ಟಿಕೆಟ್ ತಗೊಂಡು ಬರ್ತೀನಿ. ಮತ್ತೆ ಈ ಜನ್ಮದಲ್ಲಿ ಅದರ ಹೆಸರೆತ್ತಬೇಡಿ.” ಆಮೇಲೆ ದನಿ ಬದಲಾಯಿಸಿ, “ರೀ, ಲೋಟ ಯಾಕ್ರೀ ಎಲ್ಲಾ ಬೋರಲು ಹಾಕಿದ್ದೀರಾ? ಟೀ ತಳದ ಮೇಲೆ ಸುರೀಲಾ?”

ಗಡಿಯಾರದವರ ಚಾಳಿಯೇ ಅದು. ಕೈಗಡಿಯಾರವನ್ನು ಹಿಂಬದಿಯಿಂದ ಬಿಚ್ಚುವುದು. ಮುಖ ಯಾವಾಗಲೂ ಕೆಳಗೆ. ಬಿಚ್ಚಿದ ಒಂದೊಂದು ಚಕ್ರವನ್ನೂ ಬಿಳಿ ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿಯೇ ಜೋಡಿಸುವುದು. ಹಾಗೆ ಮಾಡಿ ಮಾಡಿ ಅವರ ಕೈಗೆ ಸಿಕ್ಕ ತಟ್ಟೆ, ಲೋಟ, ಹೆಂಡತಿಯ ಕೈಗನ್ನಡಿ ಎಲ್ಲವೂ ಮಕಾಡೆ ಮಲಗುತ್ತಿದ್ದವು. ಇಂಜಿನ್ನಿನ ಭಾಗಗಳನ್ನೂ ಶೆಡ್ಡಿನ ಮೂಲೆಯಲ್ಲಿ ಹಾಗೇ ಬಿಳಿ ಬಟ್ಟೆಯ ಮೇಲೆ ಹರವಿದ್ದರು. “ಎಣ್ಣೆ ಇಂಜಿನ್ನಿಗೆ ಬಿಳಿ ಬಟ್ಟೇನಾ ಭಾವ? ಇದೇನು ಮಗು ನಾಮಕರಣಾನಾ?” ಎಂದು ಭಾಮೈದ ನಕ್ಕಿದ್ದ.

ಮರುದಿನ ಬಸ್ಸಕ್ಕ ನಸುಕಿನಲ್ಲೇ ಪಾಳಿಗೆ ಹೋದಳು. ಪೈಪು, ತಂತಿ, ರೇಡಿಯೇಟರು ಎಲ್ಲ ಕೂಡಿಸಿ ಮುಗಿಸುವಾಗ ಬಿಸಿಲು ಶೆಡ್ಡಿನೊಳಗೆ ಬಂದಿತ್ತು. ಗಡಿಯಾರದವರು ಗೇರು ನ್ಯೂಟ್ರಲ್ಲಿಗೆ ತಂದು ಕೀಲಿ ತಿರುಗಿಸಿದರು. ಒಂದು ಸಲ ಗೊಣಗಿತು. ಎರಡನೆಯ ಸಲಕ್ಕೆ ಇಡೀ ಶೆಡ್ಡು ನಡುಗುವಂತೆ ಗುಡುಗಿ, ತಗಡಿನ ಮೇಲಿದ್ದ ಪಾರಿವಾಳಗಳನ್ನೆಲ್ಲ ಎಬ್ಬಿಸಿತು.

“ಆಹಾ!” ಭಾಮೈದ ಭಾವನನ್ನು ಸೀಟಿನಿಂದಲೇ ಅನಾಮತ್ತಾಗಿ ಎತ್ತಿಬಿಟ್ಟ. “ಕೇಳಿ ಭಾವ, ಕೇಳಿ! ಜೇನುಗೂಡಿಗೆ ಕಲ್ಲು ಹೊಡೆದಂಗಿದೆ!”

“ಇಳ್ಸಯ್ಯ ಕೆಳಗೆ. ಗೇರ್ ಹಾಕಿ ನೋಡೋಣ.”

ಕ್ಲಚ್ಚು ಒತ್ತಿ ಗೇರು ಹಾಕಿದರು. ಕರ್ರ್ ಎಂದಿತು. ಮತ್ತೊಮ್ಮೆ ಹಾಕಿದರೂ ಅದೇ ಕರ್ರ್. ಪೆಡಲನ್ನು ನೆಲಕ್ಕೆ ಅಂಟುವಷ್ಟು ತುಳಿದರೂ ಗೇರು ಬೀಳಲಿಲ್ಲ. ಕ್ಲಚ್ಚು ಇಂಜಿನ್ನನ್ನು ಗೇರಿನಿಂದ ಬಿಡಿಸುತ್ತಲೇ ಇರಲಿಲ್ಲ.

“ಕೇಬಲ್ ಸಡಿಲ ಇರ್ಬೇಕು,” ಎಂದು ಭಾಮೈದ ಬಿಗಿ ಮಾಡಿದ. ಆಗಲಿಲ್ಲ. “ಪೆಡಲೇ ಸೊಟ್ಟ ಇದೆ ಭಾವ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆಡಲಿಗೆ ಏನಾಗಿದೆ...” ಎನ್ನುತ್ತಿದ್ದ ಗಡಿಯಾರದವರು ಅಷ್ಟಕ್ಕೇ ನಿಂತರು. ಕಣ್ಣು ಮೂಲೆಯ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಈಗ ಖಾಲಿ, ಆದರೆ ಎಣ್ಣೆಯ ಒಂದು ದುಂಡನೆಯ ಕಲೆ ಉಳಿದಿತ್ತು. “ಕ್ಲಚ್ ಪ್ಲೇಟ್ ಹಾಕಿದ್ದು ನೀನು ತಾನೆ?”

“ಹೂಂ. ನಿಮ್ಮನ್ನ ಕೇಳೇ ಹಾಕ್ದೆ. ಯಾವ ಕಡೆ ಮುಖ ಅಂದ್ರೆ, ಇಟ್ಟಿರೋ ಹಾಗೇ ಅಂದ್ರಿ. ಇಟ್ಟಿರೋ ಹಾಗೇ ಎತ್ತಿ ಹಾಕ್ದೆ. ಮೇಲ್ಗಡೆ ಕಾಣ್ತಿದ್ದ ಕಡೆ ನನ್ನ ಕಡೆಗೆ.”

“ಮೇಲ್ಗಡೆ ಕಾಣ್ತಿದ್ದದ್ದು ಬೆನ್ನು ಕಣಯ್ಯ!” ಗಡಿಯಾರದವರು ತಲೆಯ ಮೇಲೆ ಕೈ ಹೊತ್ತರು. “ನಾನು ಯಾವತ್ತಾದ್ರೂ ಮುಖ ಮೇಲೆ ಮಾಡಿ ಇಟ್ಟಿದ್ದೀನಾ?”

“ಲೇತ್ ಅಂಗಡೀಲಿ ಯಾವನಾದ್ರೂ ಮುಖ ಕೆಳಗೆ ಮಾಡಿ ಇಡ್ತಾನಾ ಭಾವ?”

ಎತ್ತು ಏರಿಗೆ ಎಳೆದಿತ್ತು, ಕೋಣ ನೀರಿಗೆ ಎಳೆದಿತ್ತು. ಪ್ಲೇಟು ತಿರುಗುಮುರುಗಾಗಿ ಕೂತಿತ್ತು. ಸರಿ ಮಾಡಬೇಕೆಂದರೆ ಇಂಜಿನ್ನು ಪೂರ್ತಿ ಹೊರಗೆ ಬರಬೇಕು. ಅದು ಇಡೀ ದಿನದ ಕೆಲಸ, ಬಸ್ಸಕ್ಕನ ಪಾಳಿಯೋ ಮಧ್ಯಾಹ್ನ ಮುಗಿಯುತ್ತದೆ. ಗಡಿಯಾರದವರು ಬಿಸಿಲು ಎಲ್ಲಿಗೆ ಬಂತೆಂದು ನೋಡಿದರು. ಅವಳು ಕೂರುವುದಿಲ್ಲ. ಇವತ್ತು ಕೂರದಿದ್ದರೆ ಇನ್ನೆಂದೂ ಕೂರುವುದಿಲ್ಲ.

ಭಾಮೈದ ಕಿವಿಯ ಹಿಂದೆ ಕೆರೆದುಕೊಂಡ. “ಭಾವ, ಕ್ಲಚ್ ಬಿಡದೆ ಇದ್ರೆ ಗೇರ್ ಬದಲಾಯಿಸೋಕಾಗಲ್ಲ ಅಷ್ಟೆ. ಗಾಡಿ ಓಡಲ್ಲ ಅಂತೇನಿಲ್ಲ. ಇಂಜಿನ್ ಆಫ್ ಮಾಡಿ ಎರಡನೇ ಗೇರಲ್ಲಿಡಿ. ನಾನು ಹಿಂದಿನಿಂದ ತಳ್ತೀನಿ, ನೀವು ಕೀಲಿ ತಿರುಗಿಸಿ. ಹೊರಟ ಮೇಲೆ ಮಾತ್ರ ಎಲ್ಲೂ ನಿಲ್ಲಿಸಬೇಡಿ.”

“ತಳ್ಳಿಸ್ಕೋಬಾರ್ದು ಅಂದಿದ್ದಾಳಲ್ಲೋ!”

“ಅಕ್ಕ ಅಂದಿದ್ದು ಅವಳ ಕಣ್ಣೆದುರು ಅಂತ. ಇಲ್ಲಿ ನೋಡೋಕೆ ಪಾರಿವಾಳ ಬಿಟ್ರೆ ಯಾರಿದ್ದಾರೆ?”

ಹೀಗೆ ಗಡಿಯಾರದವರ ಹುಲಿ ಸವಾರಿ ಶುರುವಾಯಿತು. ಎರಡನೆಯ ಗೇರಿನಲ್ಲಿ ಪೈಲ್ವಾನ ಹಲ್ಲು ಕಚ್ಚಿಕೊಂಡು ಕಿರುಚುತ್ತಿದ್ದ. ಪೇಟೆ ಬೀದಿಯ ಜನ ಏನೋ ವಿಮಾನ ಇಳಿಯುತ್ತಿದೆಯೆಂದು ಮೇಲೆ ನೋಡಿದರು. ಸಿಗ್ನಲ್ಲಿನಲ್ಲಿ ಕೆಂಪು ಕಂಡದ್ದೇ ತಡ, ಗಡಿಯಾರದವರು ಎಡಕ್ಕೆ ತಿರುಗಿ, ತರಕಾರಿ ಮಾರುಕಟ್ಟೆಯನ್ನು ಸುತ್ತುಹಾಕಿ ಮತ್ತೆ ಸಿಗ್ನಲ್ಲಿಗೆ ಬಂದರು. ಇನ್ನೂ ಕೆಂಪು. ಮತ್ತೊಂದು ಸುತ್ತು. ಈರುಳ್ಳಿ ಮಾರುವವಳು, “ಏನಣ್ಣಾ, ಏನಾದ್ರೂ ತಗೊಳ್ತೀಯೋ, ಬರೀ ಪ್ರದಕ್ಷಿಣೆಯೋ?” ಎಂದು ಕೂಗಿದಳು. ಮೂರನೆಯ ಸುತ್ತಿಗೆ ಹಸಿರು ಸಿಕ್ಕಿತು.

ಡಿಪೋದ ಅಂಗಳ ಎತ್ತರದಲ್ಲಿತ್ತು. ಗೇಟಿನಿಂದ ರಸ್ತೆಗೆ ಉದ್ದನೆಯ ಇಳಿಜಾರು. ಗಡಿಯಾರದವರು ಒಳಬರುವ ಗೇಟಿನಿಂದ ಏರಿ ಬಂದು ಅಂಗಳದಲ್ಲಿ ಸುತ್ತತೊಡಗಿದರು. ಡ್ರೈವರುಗಳು, ಕಂಡಕ್ಟರುಗಳು ಕೈಲಿ ಟೀ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ನಡುವೆ ಖಾಕಿ ಅಂಗಿಯಲ್ಲಿ ಬಸ್ಸಕ್ಕ ನಿಂತಿದ್ದಳು, ಕೊರಳಲ್ಲಿ ಯಾರೋ ಹಾಕಿದ ಹೂವಿನ ಹಾರ.

“ಹತ್ಕೋ!” ಎಂದು ಗಡಿಯಾರದವರು ಪಕ್ಕದಲ್ಲಿ ಹಾದುಹೋಗುತ್ತಾ ಕೂಗಿದರು.

“ನಿಲ್ಸ್ರೀ ಮೊದ್ಲು!”

“ನಿಲ್ಸೋಕಾಗಲ್ಲ! ಓಡ್ತಾ ಓಡ್ತಾ ಹತ್ಕೋ!”

“ಏನಂದ್ರಿ?” ಬಸ್ಸಕ್ಕ ಸೊಂಟದ ಮೇಲೆ ಕೈ ಇಟ್ಟಳು. “ಓಡೋ ಬಸ್ ಹತ್ತಬೇಡ್ರೋ ಅಂತ ಇಡೀ ಊರಿಗೆ ಬೈದು ಬೈದು ನನ್ನ ಗಂಟಲು ಹರಿದಿದೆ. ಈಗ ನಾನೇ ಹತ್ತಲಾ?”

ಗುಂಪು ಹೋ ಎಂದು ನಕ್ಕಿತು. ಅಷ್ಟರಲ್ಲಿ ತೊಳೆದ ಬಸ್ಸೊಂದು ಹಿಂದಕ್ಕೆ ಸರಿಯುತ್ತಾ ಅಡ್ಡ ಬಂತು. ಗಡಿಯಾರದವರು ಬ್ರೇಕು ತುಳಿದರು. ಕಾರು ಹೊರಹೋಗುವ ಗೇಟಿನ ಎದುರಿಗೇ, ಇಳಿಜಾರಿನ ತುದಿಯಲ್ಲಿ, ಮುಗ್ಗರಿಸಿ ನಿಂತಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಒಮ್ಮೆ ನರಳಿ ಸುಮ್ಮನಾಯಿತು. ಗೇರಿನಲ್ಲಿ ಸಿಕ್ಕಿಕೊಂಡ ಇಂಜಿನ್ನನ್ನು ತಿರುಗಿಸುವಷ್ಟು ಕಸುವು ಬ್ಯಾಟರಿಯಲ್ಲಿರಲಿಲ್ಲ.

“ಬನ್ರೋ, ಒಂದು ಕೈ ಹಾಕೋಣ,” ಎಂದು ನಾಲ್ಕಾರು ಜನ ಲೋಟ ಕೆಳಗಿಟ್ಟು ತೋಳು ಮಡಚಿದರು.

“ಯಾರೂ ಮುಟ್ಟಕೂಡದು!” ಬಸ್ಸಕ್ಕನ ದನಿಗೆ ಎಲ್ಲರೂ ನಿಂತಲ್ಲೇ ನಿಂತರು. ಆಕೆ ಮೆಲ್ಲಗೆ ನಡೆದು ಬಂದು ಕಾರಿನೊಳಗೆ ಬಗ್ಗಿ ನೋಡಿದಳು. ಗಡಿಯಾರದವರು ಸ್ಟೀರಿಂಗು ಹಿಡಿದುಕೊಂಡು, ಪರೀಕ್ಷೆಯಲ್ಲಿ ನಪಾಸಾದ ಹುಡುಗನಂತೆ ಕೂತಿದ್ದರು.

“ಇಂಜಿನ್ ಚೆನ್ನಾಗಿದೆ ಕಣೇ. ಆಣೆ ಮಾಡಿ ಹೇಳ್ತೀನಿ,” ಎಂದರು ಮೆಲುದನಿಯಲ್ಲಿ. “ಕ್ಲಚ್ ಪ್ಲೇಟು... ತಿರುಗುಮುರುಗು ಆಗೋಗಿದೆ.”

ಬಸ್ಸಕ್ಕ ಇನ್ನಷ್ಟು ಬಗ್ಗಿದಳು. “ಮಕಾಡೆ ಇಟ್ಟಿದ್ರಾ?”

“ಹೂಂ.”

“ಲೋಟದ ಥರ?”

“ಹೂಂ.”

ಆಕೆಗೆ ಮೊದಲು ಮೂಗಿನಲ್ಲಿ ನಗು ಬಂತು, ಆಮೇಲೆ ಭುಜ ಕುಣಿಯಿತು, ಕೊನೆಗೆ ಕಾರಿನ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ ನನ್ನ ಕರ್ಮವೇ! ಇಷ್ಟು ತಿಂಗಳು ಪಿಸ್ಟನ್ನಿಗೆ ಚಿನ್ನದ ತೂಕ, ಕೊನೆಗೆ ಪ್ಲೇಟು ಬೋರಲು!” ಹಾರ ತೆಗೆದು ಹಿಂದಕ್ಕೆ ಎಸೆದಳು. “ಸರ್ಕೊಳ್ಳಿ ಆ ಕಡೆ.”

“ನೀನಾ?”

“ನೀವು ಓಡ್ಸಿ ನಾನು ತಳ್ಳಿದ್ದಾಯ್ತು. ಅದು ಸರಿಹೋಗ್ಲಿಲ್ಲ. ಈಗ ನಾನು ಓಡಿಸ್ತೀನಿ, ಯಾರೂ ತಳ್ಳಬೇಡಿ. ಸರ್ಕೊಳ್ರೀ, ಜನ ನೋಡ್ತಿದ್ದಾರೆ.”

ಗಡಿಯಾರದವರು ಸರಿದು ಪಕ್ಕದ ಸೀಟಿನಲ್ಲಿ ಮುದುಡಿಕೊಂಡರು. ಬಸ್ಸಕ್ಕ ಒಳಗೆ ಇಳಿದು ಕೂತು ಗೇರನ್ನು ನ್ಯೂಟ್ರಲ್ಲಿಗೆ ಎಳೆದಳು. ಹ್ಯಾಂಡ್‌ಬ್ರೇಕು ಬಿಟ್ಟಳು. ಕಾರು ತನ್ನ ಪಾಡಿಗೆ ಇಳಿಜಾರಿನಲ್ಲಿ ಜಾರತೊಡಗಿತು. ಗೇರಿನ ಹಿಡಿತ ತಪ್ಪಿ ಮೈ ಹಗುರಾದ ಇಂಜಿನ್ನು ಈಗ ಕೀಲಿ ತಿರುಗಿಸಿದ್ದಕ್ಕೇ ಎದ್ದಿತು. ಆಕೆ ತಲೆಯನ್ನು ಒಂದಿಷ್ಟು ವಾಲಿಸಿ, ಆಕ್ಸಿಲರೇಟರನ್ನು ಒಮ್ಮೆ ತಟ್ಟಿ, ಇಂಜಿನ್ನಿನ ದನಿಯೂ ಚಕ್ರದ ವೇಗವೂ ಒಂದಾಗುವ ಕ್ಷಣಕ್ಕೆ ಕಾದು, ಎರಡು ಬೆರಳಿನಿಂದ ಗೇರನ್ನು ಒಳಕ್ಕೆ ನೂಕಿದಳು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಕ್ಲಚ್ಚಿನ ಮೇಲೆ ಆಕೆಯ ಕಾಲೇ ಇರಲಿಲ್ಲ.

ಹಿಂದಿನಿಂದ ಡಿಪೋದ ಬಸ್ಸುಗಳೆಲ್ಲ ಒಟ್ಟಿಗೇ ಹಾರನ್ ಬಾರಿಸಿದವು.

“ಇದನ್ನ ಎಲ್ಲಿ ಕಲಿತೆ ನೀನು?” ಗಡಿಯಾರದವರು ಬಾಯಿ ಬಿಟ್ಟುಕೊಂಡೇ ಕೇಳಿದರು.

“ನಮ್ಮ ಡಿಪೋ ಬಸ್ಸಲ್ಲಿ ಕ್ಲಚ್ ಕೆಲಸ ಮಾಡೋದನ್ನ ನೀವು ಯಾವತ್ತು ನೋಡಿದ್ದೀರಿ?” ಮೂರನೆಯ ಗೇರು. ಕಾರು ಬೆನ್ನಿಗೆ ಗುದ್ದಿದಂತೆ ಮುಂದಕ್ಕೆ ಹಾರಿತು. ಬಸ್ಸಕ್ಕನ ಹುಬ್ಬು ಮೇಲೇರಿತು. “ಅಬ್ಬಬ್ಬಾ! ರೀ, ಏನ್ರೀ ಇದು! ಇದಕ್ಕೆ ಏನು ತಿನ್ನಿಸಿದ್ದೀರಿ?”

ಗಡಿಯಾರದವರ ಮುಖ, ಅವರ ಚಾಳಿಗೆ ವಿರುದ್ಧವಾಗಿ, ಮೇಲಕ್ಕೆ ಬಿಸಿಲಿಗೆ ತಿರುಗಿತ್ತು.

ಪೇಟೆ ದಾಟಿತು. ಈ ಸಲ ಸಿಗ್ನಲ್ಲು ಆಕೆ ಬರುವಷ್ಟರಲ್ಲಿ ಹಸಿರಾಯಿತು. ಯಾವ ದೀಪ ಯಾವಾಗ ಬದಲಾಗುತ್ತದೆಂದು ಆಕೆಯ ಕಾಲಿಗೇ ಗೊತ್ತಿತ್ತು. ತಮ್ಮ ಬೀದಿ ಕಂಡಾಗ ಗಡಿಯಾರದವರು ಕೈ ತೋರಿಸಿದರು. “ನಿಧಾನ ಕಣೇ, ಮನೆ ಬಂತು. ನಿಲ್ಲಿಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ, ನೇರ ಶೆಡ್ಡಿಗೇ ಬಿಡು.”

“ಇಷ್ಟು ವರ್ಷ ಕೈ ಅಡ್ಡ ಹಿಡಿದೋರಿಗೆಲ್ಲ ನಿಲ್ಲಿಸಿದ್ದೀನಿ ರೀ,” ಎಂದಳು ಬಸ್ಸಕ್ಕ. “ಇವತ್ತು ಗುಡ್ಡದ ತುದಿ ತನಕ ಯಾವ ಸ್ಟಾಪೂ ಇಲ್ಲ.”

ಶೆಡ್ಡಿನಲ್ಲಿ ಚೈನ್ ಬ್ಲಾಕನ್ನು ಸಜ್ಜುಮಾಡಿಟ್ಟಿದ್ದ ಭಾಮೈದ, ಇಂಜಿನ್ನಿನ ಗುಡುಗು ಕೇಳಿದ ಕೂಡಲೇ ಓಡಿಬಂದು ಗೇಟಿನ ಎರಡೂ ಬಾಗಿಲು ತೆರೆದ. ಹಸಿರು ಕಾರು ಅವನ ಎದುರೇ ಸುಂಯ್ ಎಂದು ಹಾದು, ಬೀದಿಯ ಕೊನೆಯಲ್ಲಿ ಗುಡ್ಡದ ರಸ್ತೆಗೆ ತಿರುಗಿತು. ಅವನು ಒಂದೊಂದು ಕೈಯಲ್ಲಿ ಒಂದೊಂದು ಬಾಗಿಲು ಹಿಡಿದು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಪಾರಿವಾಳಗಳು ಒಂದೊಂದಾಗಿ ಶೆಡ್ಡಿನ ತಗಡಿಗೆ ಮರಳಿದವು.