ಒಳಗೆ ಮಡಿಚಿಟ್ಟ ಬಟ್ಟೆ

“ಆ ಕತ್ತರಿ ಕೆಳಗಿಡು,” ಎಂದಳು ದರ್ಜಿಯ ಹೆಂಡತಿ. ಮೈದುನ ಇಡಲಿಲ್ಲ. ಅವಳೇ ಕಿತ್ತುಕೊಂಡಳು.

“ಅತ್ತಿಗೆ, ಅಣ್ಣನ ಮೈ ಸೆಟೆದುಕೊಂಡಿದೆ. ತೋಳು ಬಗ್ತಿಲ್ಲ, ಅಂಗಿ ಬಿಗಿ. ಬೆನ್ನ ಕಡೆ ಸೀಳಿ ತೊಡಿಸಿದ್ರೆ ಯಾರಿಗೂ ಕಾಣಲ್ಲ.”

“ಅವರಿಗೆ ಕಾಣುತ್ತೆ.”

ನಲವತ್ತು ವರ್ಷ ಊರವರ ಮೈ ಅಳೆದವನು ತಾನು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆಯೇ ಮಲಗಿದ್ದ. ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ ಕುರ್ಚಿ ಹಾಕಿದ್ದರು. ಪ್ರಾರ್ಥನಾ ಮಂದಿರದ ಹಿರಿಯರೊಬ್ಬರು ಅದರಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು.

“ಇಂಥ ಕಾಯಿಲೇಲೂ ಒಂದು ದಿನ ದೇವರನ್ನ ಬೈಲಿಲ್ಲ. ‘ಹೋಗೋಕೆ ನಾನು ತಯಾರು’ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ರು. ನಂಬಿಕೆ ಅಂದ್ರೆ ಅದು.”

ಅವಳಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷದಲ್ಲಿ ಈ ಮನುಷ್ಯ ಬಂದದ್ದು ಮೂರೇ ಸಲ. ಮೂರು ಸಲವೂ ‘ತಯಾರಾಗಿ, ತಯಾರಾಗಿ’ ಎಂದು ರೋಗಿಯ ಜೀವ ತಿಂದಿದ್ದ. ಇವನನ್ನು ಸಾಗಹಾಕಲು ದರ್ಜಿ ಹೂಂಗುಟ್ಟಿದ್ದ, ಅಷ್ಟೆ. ಆ ಒಂದು ಹೂಂಗೆ ಈಗ ರೆಕ್ಕೆಪುಕ್ಕ ಬಂದಿತ್ತು.

*

ಕಾಯಿಲೆ ಗೊತ್ತಾಗುವ ಮೊದಲು ಹೊಲಿದುಕೊಂಡಿದ್ದ ಆ ನೀಲಿ ಅಂಗಿ, ಮೈ ಇಳಿಯುತ್ತ ಹೋದಂತೆ ಜೋತುಬೀಳತೊಡಗಿತು. ಅವನು ಟೇಪು ಹಿಡಿದು ತನ್ನ ಎದೆ ತಾನೇ ಅಳೆದುಕೊಂಡ. ತೋಳಿನಿಂದ ಸೊಂಟದವರೆಗೆ ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದ. ಆರು ತಿಂಗಳಿಗೆ ಇನ್ನೊಂದು ಸಾಲು, ಆಮೇಲೆ ಮೂರನೆಯದು. ಒಳಗೆ ಉಳಿದ ಬಟ್ಟೆ ಉಜ್ಜಿ ಉಜ್ಜಿ ಪಕ್ಕೆ ಕೆಂಪಾಗಿತ್ತು.

“ಅದನ್ನ ಕತ್ತರಿಸಿ ಬಿಸಾಕಬಾರ್ದಾ? ಗಿರಾಕಿಗಳಿಗಾದ್ರೆ ಹೀಗೆ ಹೊಲಿದು ಕೊಡ್ತಿದ್ರಾ?”

“ಕತ್ತರಿಸಿದ್ರೆ, ಮೈ ತುಂಬ್ಕೊಂಡಾಗ ಬಿಚ್ಚಿ ಅಗಲ ಮಾಡೋಕೆ ಬಟ್ಟೆ ಎಲ್ಲಿಂದ ತರ್ಲಿ?”

“ಈ ವಯಸ್ಸಲ್ಲಿ ಇನ್ನೆಲ್ಲಿ ತುಂಬ್ಕೊಳ್ತೀರಿ.”

ಅವನು ಹಲ್ಲಿನಲ್ಲಿ ದಾರ ಕಡಿದ. “ದೇವರಿಗೂ ನೀನೇ ಹೇಳಿಕೊಟ್ಟೆಯಾ ಇದನ್ನ?” ಎಂದು ರೇಗಿದ.

ಬೆಳಿಗ್ಗೆ ಪ್ರಾರ್ಥನೆಗೆ ಕೂತರೆ ಅರ್ಧ ಬೇಡಿಕೆ, ಅರ್ಧ ಬೈಗುಳ. ಹೋದ ಸೋಮವಾರ ಎರಡು ತುತ್ತು ಹೆಚ್ಚಿಗೆ ಉಂಡು, “ಒಂದು ಸಾಲು ಬಿಚ್ಚು, ನೋಡೋಣ,” ಎಂದಿದ್ದ. ಅವಳು ಹೂಂ ಎಂದು ಪಾತ್ರೆ ತೊಳೆಯಲು ಹೋಗಿದ್ದಳು. ಬಿಚ್ಚಲಿಲ್ಲ. ತನ್ನ ಮೇಲೂ ಅವಳಿಗೆ ಸಿಟ್ಟಿತ್ತು.

*

“ಅವರು ತಯಾರಿರ್ಲಿಲ್ಲ,” ಎಂದಳು ಎಲ್ಲರಿಗೂ ಕೇಳುವಂತೆ. “ಬದುಕ್ಬೇಕು ಅಂತಿದ್ರು. ದಿನಾ ದೇವರ ಜೊತೆ ಜಗಳ ಆಡ್ತಿದ್ರು.”

“ದುಃಖದಲ್ಲಿ ಹಾಗನ್ಸುತ್ತೆ, ತಾಯಿ,” ಎಂದರು ಹಿರಿಯರು.

“ನನ್ನ ದುಃಖ ನಾನು ನೋಡ್ಕೊಳ್ತೀನಿ. ಅವರು ಹೇಳದೇ ಇರೋದನ್ನ ನೀವು ಹೇಳ್ಬೇಡಿ.”

ಅಂಗಿಯ ಒಳಮೈ ಹೊರಗೆ ತಿರುಗಿಸಿ, ಗಂಡನ ಸ್ಟೂಲಿನ ಮೇಲೆ ಕೂತಳು. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಮೊದಲ ಸಾಲು, ಎರಡನೆಯದು, ಮೂರನೆಯದು. ಹೊರಗೆ ಹೆಣ ಒಯ್ಯಲು ಬಂದ ಗಾಡಿಯವನು ಎರಡು ಸಲ ಹಾರನ್ ಹೊಡೆದ. ಕಾಯಲಿ ಎಂದಳು.

ಆಮೇಲೆ ಮೈದುನ ಅಣ್ಣನ ತಲೆ ಎತ್ತಿ ಹಿಡಿದ. ಅಂಗಿ ಎಲ್ಲೂ ಸೀಳದೆ ಆ ಸೆಟೆದ ತೋಳುಗಳನ್ನು ದಾಟಿ ಮೈಮೇಲೆ ಇಳಿಯಿತು. ಅವಳು ಗುಂಡಿ ಹಾಕಿದಳು. ಬಿಸಿಲು ತಿಂದು ಮಾಸಿದ ನೀಲಿಯ ಎರಡೂ ಪಕ್ಕ, ಅಂಗೈಯಗಲದ ಪಟ್ಟಿ ಇನ್ನೂ ಹೊಸದಾಗಿತ್ತು. ಅದರ ಮೇಲೆ ಮೂರು ಸಾಲು ಸೂಜಿ ತೂತು.