ನೇರಿಯೊಗೆ ಕೆಂಪು ಬಾವುಟ

ಬೊಲೋನ್ಯಾ ಕಡೆಯ ನಮ್ಮೂರಲ್ಲಿ ಕಾಮ್ರೇಡ್ ಸತ್ತರೆ ಪಾದ್ರಿ ಬರುವುದಿಲ್ಲ, ಶವಪೆಟ್ಟಿಗೆಯ ಮೇಲೆ ಕೆಂಪು ಬಾವುಟ ಬರುತ್ತದೆ. ಅಪ್ಪನಿಗೂ ಹಾಗೇ ಆಯಿತು. ತಮ್ಮ ನೇರಿಯೊ ಸಾಯುವ ಮುಂಚೆ ನನ್ನ ಕೈ ಹಿಡಿದು ಕೇಳಿದ್ದು ಅದೊಂದೇ. ಬಾವುಟವಿದ್ದದ್ದು ಕಾರ್ಮಿಕ ಸಂಘದ ಮನೆಯ ಬೀರುವಿನಲ್ಲಿ, ಅದರ ಬೀಗದ ಕೈ ಸಂಘದ ಹಳೆಯ ಕಾಮ್ರೇಡ್ ಅಡೆಲ್ಮೊನ ಜೇಬಿನಲ್ಲಿ. ನಾನು ಹೋದಾಗ ಆ ಮುದುಕ ಇಸ್ಪೀಟು ಆಡುತ್ತಿದ್ದ. ತಲೆಯನ್ನೂ ಎತ್ತಲಿಲ್ಲ.

"ಬಲಪಂಥದವರಿಗೆ ಓಟು ಹಾಕಿದವನಿಗೆ ಕೆಂಪು ಬಾವುಟ ಬೇರೆ ಕೇಡು! ನಾಚ್ಕೆ ಆಗಲ್ವಾ ಇವಾನಾ?"

ನನಗೆ ಮೈಯೆಲ್ಲ ಉರಿಯಿತು. "ಯಾವ ಎಡ, ಯಾವ ಬಲವೋ? ಟೈಲ್ಸ್ ಕಾರ್ಖಾನೆ ಮುಚ್ಚೋಕೆ ರುಜು ಹಾಕಿದ ಮಂತ್ರಿ ನಿಮ್ಮ ಎಡದವನೇ ತಾನೆ? ಪಿಂಚಣಿ ವಯಸ್ಸು ಮುಂದಕ್ಕೆ ತಳ್ಳಿದಾಗ ಕೈ ಎತ್ತಿದವರು ಯಾರು? ಕೂಲಿ, ಪಿಂಚಣಿ, ಆಸ್ಪತ್ರೆ ಅಂತ ಅಪ್ಪ ಬಾಯಿ ಬಡ್ಕೊಂಡಿದ್ದನ್ನೆಲ್ಲ ಈಗ ಆ ಬಲದವರು ಹೇಳ್ತಿದಾರೆ. ನೇರಿಯೊ ನಿಂತ ಜಾಗದಿಂದ ಅಲ್ಲಾಡ್ಲಿಲ್ಲ. ಎದ್ದು ಹೋದವರು ನೀವು!"

"ಕೂಲಿ, ಪಿಂಚಣಿ ಸರಿ. ಹೊರಗಿನವರನ್ನ ಓಡಿಸ್ತೀವಿ ಅಂತಾರಲ್ಲ, ಅದನ್ನೂ ನಿಮ್ಮಪ್ಪ ಹೇಳಿದ್ನಾ?"

 ಮನೆಯಲ್ಲಿ ಆಗ ನೇರಿಯೊನ ಗಡ್ಡ ಕೊನೆಯ ಸಲ ಬೋಳಿಸುತ್ತಿದ್ದವಳು ಮೊರಾಕೊದ ಗಿಜ್ಲಾನ್. ಅವನಿಗೆ ಲಕ್ವ ಹೊಡೆದಂದಿನಿಂದ ಸೂಪು ಕುಡಿಸಿ, ಉಚ್ಚೆ ಬಟ್ಟೆ ಬದಲಿಸಿ ನೋಡಿಕೊಂಡವಳು ಅವಳೇ.

ಅಡೆಲ್ಮೊ ಎಲೆಗಳನ್ನು ಮಗುಚಿಟ್ಟು ಎದ್ದ. "ಅವನನ್ನ ನೋಡ್ಕೊಂಡ ಆ ಹುಡುಗಿ ಹೂಂ ಅಂದ್ರೆ ಕೊಡ್ತೀನಿ" ಎಂದು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಜೊತೆಗೇ ಬಂದ.

"ನೋಡಮ್ಮಾ, ಇವನು ಯಾರಿಗೆ ಓಟು ಹಾಕ್ತಿದ್ದ ಗೊತ್ತಾ ನಿಂಗೆ?" ಬಾಗಿಲಲ್ಲೇ ನಿಂತು ಕೇಳಿದ.

"ಗೊತ್ತಿಲ್ದೆ ಏನು? ಓಟು ಹಾಕೋಕೆ ಗಾಲಿಕುರ್ಚಿ ತಳ್ಕೊಂಡು ಹೋಗ್ತಿದ್ದವಳು ನಾನೇ ಅಲ್ವಾ" ಎಂದಳು ಗಿಜ್ಲಾನ್. "'ನಿನ್ನನ್ನಲ್ಲ ಕಣೇ, ಬೇರೆಯವರನ್ನ ಕಳಿಸೋದು' ಅಂತ ದಾರೀಲಿ ಅವರೇ ಹೇಳಿದ್ರು." ರೇಜರ್ ತೊಳೆದು ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ತಮ್ಮ ಬೊಲೋನ್ಯಾದಲ್ಲಿ ಇಟ್ಟಿಗೆ ಹೊರ್ತಾನೆ. ಅವನು ಬೇರೆಯವನು, ಅಲ್ವಾ ಅಮ್ಮಾ?"

 ಅವಳು ಅಡೆಲ್ಮೊನ ಕೈಯಿಂದ ಬಾವುಟ ತೆಗೆದುಕೊಂಡು ಬಿಡಿಸಿ ನೋಡಿದಳು. "ಛೆ, ಎಷ್ಟು ಸುಕ್ಕಾಗಿದೆ! ಇಸ್ತ್ರಿ ಮಾಡ್ಕೊಂಡು ಬರ್ತೀನಿ ಇರಿ" ಎಂದು ಒಳಗೆ ಹೋದಳು.

ಅಡೆಲ್ಮೊ ಟೋಪಿ ತೆಗೆದು ಗೋಡೆ ನೋಡುತ್ತ ನಿಂತ. ಬೆಳಗಿನಿಂದ ಅತ್ತಿದ್ದ ನನಗೆ ಈಗ ಅಳು ಬರಲಿಲ್ಲ. ನುಣ್ಣಗೆ ಗಡ್ಡ ಬೋಳಿಸಿಕೊಂಡು ಮಲಗಿದ್ದ ತಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. 'ಬೇಡ ಬಿಡೇ, ಬಾವುಟ ಗೀವುಟ ಏನೂ ಬೇಡ' ಎಂದು ಕೂಗಿ ಹೇಳಬೇಕು ಅನ್ನಿಸಿತು. ಆದರೆ ಅವಳು ಬಟ್ಟೆಗೆ ನೀರು ಚಿಮುಕಿಸುವ ಸದ್ದು ಕೇಳಿಸಿಕೊಳ್ಳುತ್ತ ಕೂತೇ ಇದ್ದೆ.