ಸಕ್ಕುಬಾಯಿಯ ಮನೆಯ ನಿದ್ದೆ

ಹಡಪಸರದ ಆ ಕೂಲಿಕಾರರ ವಸ್ತಿಯಲ್ಲಿ ಸಕ್ಕುಬಾಯಿಗೆ ದೊಡ್ಡ ಹೆಸರು. ಆರು ಕೂಸುಗಳನ್ನು ನೋಡಿಕೊಳ್ಳುತ್ತಾಳೆ, ಒಂದೂ ಅಳುವುದಿಲ್ಲ ಎಂದು ದುಡಿಯಲು ಹೋಗುವ ತಾಯಂದಿರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಮಾನಮ್ಮನ ಕೈಕೆಲಸ ನಿಲ್ಲುತ್ತಿತ್ತು.

ಮೊಮ್ಮಗಳು ಸುರಭಿಗೆ ಹನ್ನೊಂದು ತಿಂಗಳು. ಸೊಸೆ ಭಾಗ್ಯಾ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹೋಗುತ್ತಾಳೆ. ಮಗ ಅಂಬಾದಾಸ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಮಾನಮ್ಮ ಅಲ್ಲೇ ಉಳ್ಳಾಗಡ್ಡಿ ಆರಿಸುತ್ತಾಳೆ. ಕೂಸನ್ನು ಎಲ್ಲಿ ಬಿಡುವುದೆಂದು ಹೋದ ತಿಂಗಳು ಮೂವರೂ ಕೂತು ಲೆಕ್ಕ ಹಾಕಿದ್ದರು. ರಸ್ತೆಯಾಚೆಯ ಪಾಳಣಾಘರಕ್ಕೆ, ಅಂದರೆ ಶಿಶುವಿಹಾರಕ್ಕೆ, ತಿಂಗಳಿಗೆ ಐದೂವರೆ ಸಾವಿರ, ಒಂದು ತಿಂಗಳದ್ದು ಮುಂಗಡ, ಸಂಜೆ ಆರು ದಾಟಿದರೆ ತಾಸಿಗೆ ನೂರು. ಸಕ್ಕುಬಾಯಿಗೆ ಎರಡು ಸಾವಿರ, ಹಾಲು ತಮ್ಮದು. ಮಾನಮ್ಮ ಮನೆಯಲ್ಲಿ ಉಳಿದರೆ ಅವಳ ಎಂಟು ಸಾವಿರ ತಪ್ಪುತ್ತದೆ. ಖೋಲಿಯ ಬಾಡಿಗೆ ಹೋಗುವುದೇ ಅದರಲ್ಲಿ.

"ಅಂದ್ರ ನೀ ಮನ್ಯಾಗ ಕುಂತ್ರನ ಎಲ್ಲಕ್ಕಿಂತ ತುಟ್ಟಿ ಬೀಳ್ತದ, ಅವ್ವಾ," ಎಂದು ಅಂಬಾದಾಸ ನಕ್ಕಿದ್ದ.

ಸಕ್ಕುಬಾಯಿಯ ಹತ್ತಿರ ಬಿಡತೊಡಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ಸುರಭಿ ಅಜ್ಜಿಯ ಬಳೆಗೆ ಕೈ ಹಾಕುವುದನ್ನು ಬಿಟ್ಟಳು. ಸಂಜೆ ಮನೆಗೆ ತಂದರೆ ಎರಡು ಗುಟುಕು ಹಾಲು ಕುಡಿದು ಮತ್ತೆ ನಿದ್ದೆ. ಮಲ ಕಟ್ಟಿ ನಾಲ್ಕು ದಿನವಾಗಿತ್ತು. ಆಡಿ ದಣಿದಿದ್ದಾಳೆ ಎಂದು ಭಾಗ್ಯಾ ಹೇಳಿದಳು. ಮಾನಮ್ಮ ಕೂಸನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಅಂಥ ಕಣ್ಣನ್ನು ಅವಳು ಹಿಂದೆ ಒಮ್ಮೆ ಕಂಡಿದ್ದಳು. ಏನೂ ಹೇಳದೆ ಕೂಸನ್ನು ಮಲಗಿಸಿದಳು. ಈ ಕಣ್ಣಿನ ಮಾತು ಹೇಳಹೊರಟರೆ ಹಿಂದಿನದನ್ನೂ ಹೇಳಬೇಕಾಗುತ್ತಿತ್ತು.

ಮರುದಿನ ಯಾರ್ಡಿಗೆ ಲಾರಿ ಕಡಿಮೆ ಬಂದವು, ಮಧ್ಯಾಹ್ನಕ್ಕೇ ಬಿಟ್ಟರು. ಮಾನಮ್ಮ ನೆಟ್ಟಗೆ ಸಕ್ಕುಬಾಯಿಯ ಮನೆಗೆ ಬಂದಳು. ಹೊರಗೆ ಗಟಾರಕ್ಕಾಗಿ ಮಶೀನಿನಿಂದ ಕಾಂಕ್ರೀಟ್ ಒಡೆಯುತ್ತಿದ್ದರು. ಬಾಗಿಲ ಚಿಲಕ ಕೂಡ ನಡುಗುತ್ತಿತ್ತು. ಒಳಗೆ ಚಾಪೆಯ ಮೇಲೆ ಆರು ಕೂಸು ಸಾಲಾಗಿ ಮಲಗಿದ್ದವು. ಒಂದೂ ಮಿಸುಕಲಿಲ್ಲ. ಸಕ್ಕುಬಾಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

ಮಾನಮ್ಮ ಸುರಭಿಯನ್ನು ಎತ್ತಿಕೊಂಡಳು. ಕೂಸಿನ ಕುತ್ತಿಗೆ ಹಿಂದಕ್ಕೆ ಜೋತುಬಿತ್ತು. ಅಂಗಾಲು ಚಿವುಟಿದಳು. ಮುಖಕ್ಕೆ ನೀರು ಚಿಮುಕಿಸಿದಳು. ಮೂರನೆಯ ಸಲಕ್ಕೆ ಸಣ್ಣಗೆ ಒಮ್ಮೆ ನರಳಿತು, ಅಷ್ಟೇ.

"ಅಫೀಮು ಹಾಕೀದಿ, ಹೌದಿಲ್ಲೋ?" ಎಂದಳು, ದನಿ ಏರಿಸದೆ.

ಸಕ್ಕುಬಾಯಿ ಅಕ್ಕಿಯ ಮೊರದಿಂದ ಕಣ್ಣೆತ್ತಲಿಲ್ಲ. "ಕೂಸಿಗೆ ಎರಡು ಸಾವಿರದಾಗ ಆರನ್ನೂ ಎತ್ತಿ ಆಡಸಾಕ ನನಗೇನು ಹತ್ತು ಕೈ ಅವ ಏನ್ರಿ? ಬಿಲ್ಡಿಂಗ್ ಕೆಲಸಕ್ಕ ಹೋಗುವಾಗ ನೀವ್ಯಾರೂ ಹಾಕಿಲ್ಲೇನು?"

ಮಾನಮ್ಮ ಪಕ್ಕದ ಮನೆಯ ರಂಗೂಬಾಯಿಯ ಫೋನಿನಿಂದ ಭಾಗ್ಯಾಳಿಗೆ ಹೇಳಿಸಿ, ಅವಳು ಬರುವವರೆಗೂ ಕೂಸನ್ನು ನಿದ್ದೆಗೆ ಬಿಡದೆ ಅಂಗಾಲು ತಿಕ್ಕುತ್ತ ನಿಂತಳು. ಫ್ಯಾಕ್ಟರಿ ಎರಡೇ ಗಲ್ಲಿ ಆಚೆ. ಭಾಗ್ಯಾ ಏದುಸಿರು ಬಿಡುತ್ತ ಬಂದಳು, ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಅರ್ಧ ದಿನದ ಪಗಾರ ಹೋಯಿತು ಎಂದಳು. ಕೂಸು ಮಲಗಿದೆ ಅಷ್ಟೇ, ಅತ್ತೆಗೆ ಮೊದಲಿಂದಲೂ ಸಕ್ಕುಬಾಯಿಯ ಮೇಲೆ ಸಂಶಯ ಎಂದಳು.

"ನಾಳಿಂದ ಎಲ್ಲಿ ಬಿಡ್ಲಿ ಅತ್ತಿ? ಐದೂವರಿ ಸಾವಿರ ಎಲ್ಲಿಂದ ತರ್ಲಿ?"

"ನಿನ್ನ ಗಂಡಗ ಒಬ್ಬಾಕಿ ಅಕ್ಕ ಇದ್ಲು," ಎಂದಳು ಮಾನಮ್ಮ. "ದುರ್ಗಾ ಅಂತ. ಇಟ್ಟಂಗಿ ಹೊರಬೇಕಿತ್ತು, ಅದಕ ನಾನೂ ಅಫೀಮು ಹಾಕಿದ್ದೆ. ಜ್ವರ ಬಂದು ಹೋದ್ಲು ಅಂತ ನಿಮ್ಮ ಮಾವಗೂ ಹೇಳೀನಿ. ಜ್ವರ ಇದ್ದಿದ್ದಿಲ್ಲ, ಭಾಗ್ಯಾ. ಎಬ್ಬಸಾಕ ಹೋದ್ರ ಎದ್ದೇ ಇಲ್ಲ."

ಭಾಗ್ಯಾ ಕೂಸನ್ನು ಕಿತ್ತುಕೊಂಡವಳಂತೆ ಎತ್ತಿಕೊಂಡು ದವಾಖಾನೆಗೆಂದು ರಿಕ್ಷಾದತ್ತ ಓಡಿದಳು.

ಮಾನಮ್ಮ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತಳು. ಒಳಗೆ ಇನ್ನೂ ಐದು ಇದ್ದವು. ತಾನು ಹೋದರೆ ಸಕ್ಕುಬಾಯಿ ಬಾಗಿಲು ಹಾಕಿಕೊಳ್ಳುತ್ತಾಳೆ. ತಿರುಗಿ ಬಂದು ಹೊಸ್ತಿಲಿಗೆ ಅಡ್ಡ ಕೂತಳು. ಎಲ್ಲ ತಾಯಂದಿರಿಗೂ ಫೋನ್ ಮಾಡಲು ರಂಗೂಬಾಯಿಗೆ ಹೇಳಿದಳು. ಹತ್ತಿರದ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು ಅಂಗಾಲು ತಿಕ್ಕತೊಡಗಿದಳು. ಸಕ್ಕುಬಾಯಿ ಬೈದಳು, ಆಮೇಲೆ ಅತ್ತಳು. ಮಾನಮ್ಮ ಏಳಲಿಲ್ಲ.

ಮೊದಲು ಬಂದವಳು ನೀರಜಾ, ನಾಲ್ಕು ಮನೆಯ ಪಾತ್ರೆ ತಿಕ್ಕುವ ಮರಾಠಿ ಹುಡುಗಿ. ಮಗ ಮಲಗಿದ್ದಾನಲ್ಲ, ಅದಕ್ಕೇಕೆ ಕರೆದಿರಿ ಎಂದು ಅವಳೂ ಕೇಳಿದಳು. ಮಾನಮ್ಮನಿಗೆ ಬರುವ ಮರಾಠಿಯೆಂದರೆ ಯಾರ್ಡಿನದು, ತೂಕ ಮತ್ತು ದರದ್ದು. ಆ ಮರಾಠಿಯಲ್ಲೇ, ತನಗೊಬ್ಬ ಮಗಳಿದ್ದಳು ಎಂದು ಶುರುಮಾಡಿದಳು. ನೀರಜಾ ಪೂರ್ತಿ ಕೇಳುವ ಮೊದಲೇ ಮಗನನ್ನು ಎತ್ತಿಕೊಂಡು ಓಡಿದಳು. ಎರಡನೆಯದಾಗಿ ಬಂದ ತಾಯಿಗೂ ಮಾನಮ್ಮ ಅದನ್ನೇ ಹೇಳಿದಳು, ಅವಳೂ ತನ್ನ ಕೂಸನ್ನೆತ್ತಿಕೊಂಡು ಓಡಿದಳು.

ಅಷ್ಟರಲ್ಲಿ ರಂಗೂಬಾಯಿ ಫೋನನ್ನು ತಂದು ಅವಳ ಕಿವಿಗೆ ಹಿಡಿದಳು. ಆ ಕಡೆ ಭಾಗ್ಯಾ ಏನೋ ಹೇಳುತ್ತಿದ್ದಳು, ಸೂಜಿ ಹಾಕಿದರು ಎಂಬಷ್ಟೇ ತಿಳಿಯಿತು. ಹಿಂದಿನಿಂದ ಸುರಭಿ ಕಿರುಚಿ ಕಿರುಚಿ ಅಳುತ್ತಿದ್ದಳು. ಮಾನಮ್ಮ ಕಣ್ಣು ಮುಚ್ಚಿ ಆ ಅಳುವನ್ನು ತುಸು ಹೊತ್ತು ಕೇಳಿದಳು.

ಆಮೇಲೆ ಫೋನ್ ವಾಪಸು ಕೊಟ್ಟಳು. ಚಾಪೆಯ ಮೇಲೆ ಇನ್ನೂ ಮೂರು ಕೂಸು ಉಳಿದಿದ್ದವು.